ಕೊಬ್ಬಿನ ಗುಳಿಗೆಯಿಂದ ಬಿ.ಪಿ. ಇಳಿಯುತ್ತದೆಯೆ?

“ಸಾಹೇಬ್ರ, ಕೊಬ್ಬಿನ ಗುಳಗಿ ಚಾಲೂ ಆಗ್ಯದಲ್ರಿ, ಇನ್ನ ಬಿಪಿ ಗುಳಗಿ ಬಿಟ್ರ ನಡೀತದೇನ್ರಿ?”

ಜೇವರ್ಗಿಯ ನನ್ನ ದವಾಖಾನೆಗೆ ಬರುವವರಲ್ಲಿ ವಾರಕ್ಕೊಬ್ಬರಾದರೂ ಹೀಗೆ ಕೇಳುತ್ತಾರೆ. ಕೇಳಿದವರಿಗೆ ಉತ್ತರ ಹೇಳಿ ಕಳಿಸಬಹುದು. ಕೇಳದೆ, ತಾವೇ ತೀರ್ಮಾನಕ್ಕೆ ಬಂದು ಒಂದು ಗುಳಿಗೆಯನ್ನು ಬಿಟ್ಟುಬಿಡುವವರೂ ಕಡಿಮೆಯಿಲ್ಲ. ಈ ವಾರದ ಲೇಖನ ಮುಖ್ಯವಾಗಿ ಅವರಿಗಾಗಿ.

ಭೀಮಾ ದಂಡೆಯ ಹಳ್ಳಿಯೊಂದರ ರೈತರೊಬ್ಬರ ಉದಾಹರಣೆ ನೋಡಿ. ವಯಸ್ಸು ಅರವತ್ತರ ಹತ್ತಿರ. ಅಧಿಕ ರಕ್ತದೊತ್ತಡಕ್ಕೆ ಆರೇಳು ವರ್ಷದಿಂದ ದಿನಕ್ಕೊಂದು ಗುಳಿಗೆ ನುಂಗುತ್ತಿದ್ದರು, ಒತ್ತಡ ಹತೋಟಿಯಲ್ಲಿತ್ತು. ಮಗಳ ಊರಿಗೆ ಹೋದಾಗ ಅಲ್ಲಿ ರಕ್ತಪರೀಕ್ಷೆಯಾಗಿ, ಕೊಬ್ಬು ಹೆಚ್ಚಿದೆಯೆಂದು ಇನ್ನೊಂದು ಗುಳಿಗೆ ಬರೆದುಕೊಟ್ಟರು. ಕೊಟ್ಟಿದ್ದು ಸರಿಯಾದ ಗುಳಿಗೆಯೇ. ಆದರೆ ರೈತರ ಲೆಕ್ಕ ಬೇರೆ ಇತ್ತು: “ನರದಾಗಿನ ಕೊಬ್ಬು ಕರಗಿದ್ರ ಬಿಪಿ ತಾನೇ ಇಳೀತದ, ಎರಡೆರಡು ಯಾತಕ್ಕ?” ಹಳೆಯ ಗುಳಿಗೆಯನ್ನು ನಿಲ್ಲಿಸಿದರು, ಹೊಸದನ್ನು ಮಾತ್ರ ತಪ್ಪದೆ ತೆಗೆದುಕೊಂಡರು. ಎರಡು ತಿಂಗಳ ಮೇಲೆ ಒಂದು ಬೆಳಗಿನ ಜಾವ ಬಲಗೈ, ಬಲಗಾಲು ಸೋತು ಮಾತು ತೊದಲಿತು. ಟಂಟಂನಲ್ಲಿ ಮಲಗಿಸಿಕೊಂಡು ಬಂದಾಗ ರಕ್ತದೊತ್ತಡ 200/110 ಇತ್ತು. ಜೀವ ಉಳಿಯಿತು. ಈಗ ಕೋಲೂರಿ ಹೊಲದ ಬದುವಿನವರೆಗೆ ಹೋಗಿ ಬರುತ್ತಾರೆ. ರೊಟ್ಟಿ ಮುರಿಯುವುದು ಎಡಗೈಯಿಂದ.

ಅವರ ತರ್ಕವನ್ನು ದಡ್ಡತನವೆಂದು ತಳ್ಳಿಹಾಕುವಂತಿಲ್ಲ. ರಕ್ತನಾಳವೆಂದರೆ ಪೈಪು, ಅದರಲ್ಲಿ ಕೊಬ್ಬು ಕಟ್ಟಿದರೆ ಒತ್ತಡ ಏರುತ್ತದೆ, ಕೊಬ್ಬು ಕರಗಿದರೆ ಇಳಿಯುತ್ತದೆ ಎಂಬ ಮಾತನ್ನು ಎಷ್ಟೋ ಜನ ಓದಿದವರೂ ಹೇಳುತ್ತಾರೆ. ಕೇಳಲು ಸರಿ ಎನಿಸುತ್ತದೆ. ದೇಹ ಮಾತ್ರ ಹಾಗೆ ನಡೆಯುವುದಿಲ್ಲ.

ಹೂಳು ಬೇರೆ, ತೂಬು ಬೇರೆ

ಹೃದಯ ತಳ್ಳಿದ ರಕ್ತ ಅಪಧಮನಿಗಳ ಗೋಡೆಯ ಮೇಲೆ ಹಾಕುವ ಭಾರವೇ ರಕ್ತದೊತ್ತಡ. ಈ ಒತ್ತಡ ಎಷ್ಟಿರಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ದೊಡ್ಡ ನಾಳಗಳಲ್ಲ. ಕವಲೊಡೆದು ಕವಲೊಡೆದು ಕೂದಲೆಳೆಯಷ್ಟು ಸಣ್ಣದಾದ ಕಿರು ಅಪಧಮನಿಗಳು ಬಿಗಿಯಾದರೆ ಒತ್ತಡ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ಇದರ ಜತೆಗೆ ಮೂತ್ರಪಿಂಡಗಳು ಎಷ್ಟು ಉಪ್ಪು ಮತ್ತು ನೀರನ್ನು ದೇಹದಲ್ಲಿ ಉಳಿಸಿಕೊಳ್ಳುತ್ತವೆ ಎಂಬುದೂ ಸೇರುತ್ತದೆ. ಬಿ.ಪಿ. ಗುಳಿಗೆಗಳು ಕೆಲಸ ಮಾಡುವುದು ಈ ಎರಡು ಕಡೆಗಳಲ್ಲಿ, ಮತ್ತೆ ಕೆಲವು ಹೃದಯದ ಬಡಿತದ ಮೇಲೆ.

ಕೊಲೆಸ್ಟರಾಲ್ ಎಂಬುದು ಮೇಣದಂಥ ಒಂದು ಕೊಬ್ಬು. ಅದು ವಿಷವಲ್ಲ. ಜೀವಕೋಶದ ಪೊರೆ, ಪಿತ್ತರಸ, ಕೆಲವು ಹಾರ್ಮೋನುಗಳು ಇವೆಲ್ಲಕ್ಕೂ ಅದು ಬೇಕು. ಬಹುಪಾಲನ್ನು ನಮ್ಮ ದೇಹವೇ, ಅದರಲ್ಲೂ ಯಕೃತ್ತು, ತಯಾರಿಸಿಕೊಳ್ಳುತ್ತದೆ. ಅದನ್ನು ರಕ್ತದಲ್ಲಿ ಹೊತ್ತೊಯ್ಯುವ ಎಲ್.ಡಿ.ಎಲ್. ಎಂಬ ಕಣಗಳು ಹೆಚ್ಚಾದಾಗ ಅವು ಹೃದಯ, ಕುತ್ತಿಗೆ, ಕಾಲುಗಳಿಗೆ ಹೋಗುವ ದೊಡ್ಡ ಮತ್ತು ಮಧ್ಯಮ ಗಾತ್ರದ ಅಪಧಮನಿಗಳ ಗೋಡೆಯೊಳಗೆ ಸೇರಿಕೊಂಡು ವರ್ಷಗಟ್ಟಲೆ ಶೇಖರವಾಗುತ್ತವೆ. ಕಿರು ಅಪಧಮನಿಗಳಲ್ಲಿ ಈ ಶೇಖರಣೆ ಆಗುವುದಿಲ್ಲ.

ನಮ್ಮ ತಾಲ್ಲೂಕಿನವರಿಗೆ ಕೃಷ್ಣಾ ಮೇಲ್ದಂಡೆ ಯೋಜನೆಯ ಜೇವರ್ಗಿ ಶಾಖಾ ಕಾಲುವೆ ಗೊತ್ತಿದೆ. ಕಾಲುವೆಯಲ್ಲಿ ನೀರಿನ ಮಟ್ಟ ಏರುವುದು, ಇಳಿಯುವುದು ಮೇಲಿನಿಂದ ಎಷ್ಟು ನೀರು ಬಿಟ್ಟಿದ್ದಾರೆ, ಹೊಲಗಳ ಕಡೆಯ ತೂಬುಗಳನ್ನು ಎಷ್ಟು ಎತ್ತಿದ್ದಾರೆ ಎಂಬುದರ ಮೇಲೆ. ಕಾಲುವೆಯ ಗೋಡೆಗೆ ಅಲ್ಲಲ್ಲಿ ಹೂಳು ಹತ್ತುವುದು ಬೇರೆ ತಕರಾರು. ಹೂಳೆತ್ತಿದರೆ ತೂಬು ತೆರೆಯುವುದಿಲ್ಲ. ತೂಬು ತೆರೆದರೆ ಹೂಳು ಹೋಗುವುದಿಲ್ಲ. ರಕ್ತದೊತ್ತಡ ತೂಬಿನ ವಿಷಯ, ಕೊಲೆಸ್ಟರಾಲ್ ಹೂಳಿನ ವಿಷಯ. (ಮೂತ್ರಪಿಂಡಕ್ಕೆ ಹೋಗುವ ಅಪಧಮನಿಯಲ್ಲೇ ಕೊಬ್ಬು ಕಟ್ಟಿಕೊಂಡು ಅದರಿಂದ ಒತ್ತಡ ಏರುವವರು ಕೆಲವರಿದ್ದಾರೆ. ಅವರು ವಿರಳ, ಅವರ ಚಿಕಿತ್ಸೆಯೂ ಬೇರೆ.)

ಹಾಗೆಂದು ಈ ಎರಡು ತೊಂದರೆಗಳಿಗೆ ಸಂಬಂಧವೇ ಇಲ್ಲವೆಂದಲ್ಲ. ಹೆಚ್ಚಿದ ಒತ್ತಡ ಹಗಲಿರುಳೂ ಬಡಿಯುವುದರಿಂದ ಅಪಧಮನಿಯ ನುಣುಪಾದ ಒಳಪೊರೆ ಗಾಸಿಗೊಳ್ಳುತ್ತದೆ. ಗಾಸಿಗೊಂಡ ಜಾಗದಲ್ಲಿ ಎಲ್.ಡಿ.ಎಲ್. ಕಣಗಳು ಬೇಗ ಒಳನುಗ್ಗುತ್ತವೆ. ಹೀಗೆ ಕೊಬ್ಬು ಕಟ್ಟಿ ಪೆಡಸಾದ ನಾಳ ಒತ್ತಡವನ್ನು ತಾಳಿಕೊಳ್ಳಲಾರದು. ಒಂದು ದಿನ ಆ ಕೊಬ್ಬಿನ ಗಂಟು ಬಿರಿದು, ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯದಲ್ಲಾದರೆ ಹೃದಯಾಘಾತ, ಮಿದುಳಿನಲ್ಲಾದರೆ ಲಕ್ವಾ. ಆದ್ದರಿಂದ ಎರಡೂ ಇರುವವರ ಅಪಾಯವನ್ನು ಒಂದಕ್ಕೊಂದು ಕೂಡಿಸಿ ನೋಡಿದರೆ ಸಾಲದು, ಗುಣಿಸಿ ನೋಡಬೇಕು. ಇದಕ್ಕೆ ತಂಬಾಕು, ಸಕ್ಕರೆ ಕಾಯಿಲೆ ಸೇರಿದರೆ ಇನ್ನೂ ಹೆಚ್ಚು.

ಬೂಷ್ಟಿನಿಂದ ಬಂದ ಔಷಧ

ಕೊಲೆಸ್ಟರಾಲ್ ಇಳಿಸಲು ಇಂದು ಎಲ್ಲೆಡೆ ಕೊಡುವ ಗುಳಿಗೆಗಳು ಸ್ಟಾಟಿನ್ ಎಂಬ ಗುಂಪಿನವು. ಇವುಗಳ ಮೂಲಪುರುಷ ಜಪಾನಿನ ವಿಜ್ಞಾನಿ ಅಕಿರಾ ಎಂಡೊ. ಸುಮಾರು 6,000 ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, 1973ರಲ್ಲಿ ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಯ ಮೇಲೆ ಬೆಳೆದಿದ್ದ ಬೂಷ್ಟಿನಿಂದ ಮೊದಲ ಸ್ಟಾಟಿನ್ನನ್ನು ಬೇರ್ಪಡಿಸಿದರು. 1987ರಲ್ಲಿ ಇದೇ ಜಾತಿಯ ಲೊವಾಸ್ಟಾಟಿನ್ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ನಮ್ಮಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಅಟೊರ್ವಾಸ್ಟಾಟಿನ್ ಮತ್ತು ರೋಸುವಾಸ್ಟಾಟಿನ್. ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ಇವು ತಡೆಯುತ್ತವೆ. ತನ್ನ ದಾಸ್ತಾನು ಕಡಿಮೆಯಾದ ಯಕೃತ್ತು ರಕ್ತದಲ್ಲಿರುವ ಎಲ್.ಡಿ.ಎಲ್. ಕಣಗಳನ್ನು ಹೆಚ್ಚು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಎಂಡೊ ಅವರು 2024ರಲ್ಲಿ ತೀರಿಕೊಂಡರು. ಅವರಿಗೆ ನೊಬೆಲ್ ಪ್ರಶಸ್ತಿ ಬರಲಿಲ್ಲವೆಂಬುದು ನನ್ನಂಥ ಅನೇಕ ವೈದ್ಯರ ಕೊರಗು.

ಇನ್ನು ಮೂಲ ಪ್ರಶ್ನೆ. ಈ ಗುಳಿಗೆ ರಕ್ತದೊತ್ತಡವನ್ನು ಇಳಿಸುತ್ತದೆಯೆ?

ಇಳಿಸುತ್ತದೆ, ಆದರೆ ಬಹಳ ಸ್ವಲ್ಪ. ರಕ್ತನಾಳದ ಒಳಪೊರೆ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ತಯಾರಿಸುತ್ತದೆ, ಅದು ನಾಳವನ್ನು ಸಡಿಲಗೊಳಿಸುತ್ತದೆ. ಸ್ಟಾಟಿನ್ ಈ ತಯಾರಿಕೆಗೆ ಕೊಂಚ ನೆರವಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೇಲಿನ ಅಂಕಿಯಲ್ಲಿ ಆಗುವ ಇಳಿಕೆ ಸರಾಸರಿ ಎರಡು ಮಿಲಿಮೀಟರಿನಷ್ಟು. ಒತ್ತಡ ಮೊದಲೇ ಹೆಚ್ಚಿದ್ದವರಲ್ಲಿ ಇನ್ನೆರಡು ಹೆಚ್ಚು ಎನ್ನಬಹುದು. ಒಂದು ಸಾಧಾರಣ ಬಿ.ಪಿ. ಗುಳಿಗೆಯನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಮೇಲಿನ ಅಂಕಿ ಸರಾಸರಿ ಒಂಬತ್ತು, ಕೆಳಗಿನದು ಐದಾರು ಮಿಲಿಮೀಟರ್ ಇಳಿಯುತ್ತದೆ. ಎರಡು ಮಿಲಿಮೀಟರ್ ಎಂದರೆ, ದವಾಖಾನೆಯ ಮೆಟ್ಟಿಲು ಹತ್ತಿ ಬಂದು ತಕ್ಷಣ ನೋಡಿಸಿಕೊಂಡರೆ ಆಗುವ ವ್ಯತ್ಯಾಸಕ್ಕಿಂತಲೂ ಕಡಿಮೆ. 170 ಇರುವವರನ್ನು ಅದು 168ಕ್ಕೆ ತಂದೀತು, 166ಕ್ಕೆ ತಂದೀತು. ಅಷ್ಟರಿಂದ ಲಕ್ವಾ ತಪ್ಪೀತೆಂದು ನಂಬಿ ಕೂರುವಂತಿಲ್ಲ.

ಹಾಗಾದರೆ ಬಿ.ಪಿ. ಇರುವವರಿಗೆ ವೈದ್ಯರು ಇದನ್ನು ಯಾಕೆ ಕೊಡುತ್ತಾರೆ? ಎಷ್ಟೋ ಸಲ ಕೊಲೆಸ್ಟರಾಲ್ ವರದಿ ‘ನಾರ್ಮಲ್’ ಇದ್ದರೂ ಕೊಡುತ್ತಾರಲ್ಲ? “ಕಂಪನಿಯವರ ಕಮಿಷನ್ ಇರ್ತದ” ಎಂದು ನನ್ನೆದುರಿಗೇ ಅಂದವರಿದ್ದಾರೆ. ಅವರಿಗೆ ನಾನು ಹೇಳುವುದು ಎರಡು ಅಧ್ಯಯನಗಳ ಕಥೆ. ಒಂದು ಯೂರೋಪಿನದು, ಇನ್ನೊಂದು ನಮ್ಮ ಬೆಂಗಳೂರಿನಿಂದಲೇ ನಡೆದದ್ದು.

2003ರಲ್ಲಿ ಪ್ರಕಟವಾದ ಆಸ್ಕಾಟ್ ಎಂಬ ಅಧ್ಯಯನದಲ್ಲಿ ಬ್ರಿಟನ್, ಐರ್ಲೆಂಡ್ ಮತ್ತು ಉತ್ತರ ಯೂರೋಪಿನ ದೇಶಗಳ 10,305 ಮಂದಿ ಇದ್ದರು. ಎಲ್ಲರಿಗೂ ಅಧಿಕ ರಕ್ತದೊತ್ತಡ, ಜತೆಗೆ ವಯಸ್ಸು, ಧೂಮಪಾನ, ಸಕ್ಕರೆ ಕಾಯಿಲೆ ಮೊದಲಾದವುಗಳಲ್ಲಿ ಕನಿಷ್ಠ ಮೂರು ಅಪಾಯಗಳು ಇದ್ದವು. ಒಟ್ಟು ಕೊಲೆಸ್ಟರಾಲ್ ಮಾತ್ರ 250 ಮಿ.ಗ್ರಾಂ.ಗಿಂತ ಮೇಲಿರಲಿಲ್ಲ, ಅಂದಿನ ಲೆಕ್ಕದಲ್ಲಿ ಔಷಧ ಬೇಕೆಂದು ಯಾರೂ ಹೇಳದಂಥವರು. ಎಲ್ಲರಿಗೂ ಬಿ.ಪಿ. ಗುಳಿಗೆ ಕೊಟ್ಟರು. ಅರ್ಧ ಜನಕ್ಕೆ ಮೇಲೊಂದು 10 ಮಿ.ಗ್ರಾಂ. ಅಟೊರ್ವಾಸ್ಟಾಟಿನ್, ಉಳಿದರ್ಧಕ್ಕೆ ಅದರಂತೆಯೇ ಕಾಣುವ ಖಾಲಿ ಗುಳಿಗೆ. ಐದು ವರ್ಷ ನಡೆಯಬೇಕಿದ್ದ ಈ ಭಾಗವನ್ನು ಮೂರು ವರ್ಷ ಚಿಲ್ಲರೆಗೇ ನಿಲ್ಲಿಸಬೇಕಾಯಿತು, ಯಾಕೆಂದರೆ ಫಲ ಅಷ್ಟು ಸ್ಪಷ್ಟವಾಗಿತ್ತು. ಖಾಲಿ ಗುಳಿಗೆಯ ಗುಂಪಿನಲ್ಲಿ 154 ಮಂದಿಗೆ ಹೃದಯಾಘಾತ ಅಥವಾ ಹೃದ್ರೋಗದ ಸಾವು ಸಂಭವಿಸಿದ್ದರೆ, ಸ್ಟಾಟಿನ್ ಗುಂಪಿನಲ್ಲಿ 100. ಲಕ್ವಾ 121ರಿಂದ 89ಕ್ಕೆ ಇಳಿದಿತ್ತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಎರಡೂ ಗುಂಪುಗಳ ರಕ್ತದೊತ್ತಡ ಕೊನೆಯಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು, 138/80ರ ಆಸುಪಾಸು. ಅಂದರೆ ಸ್ಟಾಟಿನ್ ಉಳಿಸಿದ ಜೀವಗಳು ಒತ್ತಡ ಇಳಿಸಿದ್ದರಿಂದ ಉಳಿದವಲ್ಲ. ಒತ್ತಡದ ಗುಳಿಗೆ ಮಾಡುವ ಉಪಕಾರದ ಮೇಲೆ ಇದು ಬೇರೆಯದೇ ದಾರಿಯಲ್ಲಿ ಮಾಡಿದ ಉಪಕಾರ.

ಅಂಕಿಗಳನ್ನು ದೊಡ್ಡದು ಮಾಡಿ ಹೇಳುವುದೂ ಸಲ್ಲದು. ಮೂರು ವರ್ಷದಲ್ಲಿ ಸಾವಿರ ಜನರಲ್ಲಿ ಮೂವತ್ತು ಮಂದಿಗೆ ಆಗುವುದು ಹತ್ತೊಂಬತ್ತು ಮಂದಿಗೆ ಆಯಿತು. ಉಳಿದವರು ಗುಳಿಗೆ ನುಂಗಿದ್ದರ ಫಲ ಕಣ್ಣಿಗೆ ಕಾಣದು. ನಿಮಗೆ ಏನೂ ಆಗಲಿಲ್ಲವೆಂಬುದೇ ಇಂಥ ಔಷಧದ ಫಲವಾದ್ದರಿಂದ ಅದನ್ನು ನಂಬುವುದು ಕಷ್ಟ, ನನಗೆ ಅರ್ಥವಾಗುತ್ತದೆ.

ಬೆಂಗಳೂರಿನ ಐದು ಔಷಧದ ಗುಳಿಗೆ

ಅದೇ 2003ರಲ್ಲಿ ಬ್ರಿಟನ್ನಿನ ಇಬ್ಬರು ತಜ್ಞರು, ವಾಲ್ಡ್ ಮತ್ತು ಲಾ, ಒಂದು ವಿಚಿತ್ರ ಸಲಹೆ ಕೊಟ್ಟಿದ್ದರು. ಒತ್ತಡ ಇಳಿಸುವ ಔಷಧಗಳು, ಸ್ಟಾಟಿನ್, ಆಸ್ಪಿರಿನ್ ಎಲ್ಲವನ್ನೂ ಒಂದೇ ಗುಳಿಗೆಯಲ್ಲಿ ತುಂಬಿ ಕೊಡಬಾರದೇಕೆ ಎಂದು. ಇದನ್ನು ಮನುಷ್ಯರ ಮೇಲೆ ಮೊದಲು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಗೌರವ ಭಾರತಕ್ಕೆ ಸಲ್ಲುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಸಂಯೋಜಿಸಿದ ಈ ಅಧ್ಯಯನಕ್ಕೆ ಟಿಪ್ಸ್ ಎಂದು ಹೆಸರು. ಅದರ ಹಿಂದಿದ್ದವರಲ್ಲಿ ಡಾ. ಪ್ರೇಮ್ ಪೈಸ್, ಡಾ. ಡೆನಿಸ್ ಕ್ಸೇವಿಯರ್, ಮತ್ತು ಅದೇ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿರುವ ಹೆಸರಾಂತ ಹೃದ್ರೋಗ ತಜ್ಞ ಡಾ. ಸಲೀಂ ಯೂಸುಫ್ ಪ್ರಮುಖರು. ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ಹನ್ನೆರಡು ವಾರ ನಡೆದ ಇದರ ಫಲಿತಾಂಶ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಪಾಲಿಕ್ಯಾಪ್ ಎಂಬ ಒಂದು ಕ್ಯಾಪ್ಸೂಲಿನಲ್ಲಿ ಒತ್ತಡದ ಮೂರು ಔಷಧ, ಸಿಮ್ವಾಸ್ಟಾಟಿನ್, ಆಸ್ಪಿರಿನ್ ಒಟ್ಟು ಐದು ಇದ್ದವು. ಬೇರೆ ಗುಂಪುಗಳಿಗೆ ಇವುಗಳಲ್ಲಿ ಒಂದೋ ಎರಡೋ ಮೂರೋ ಮಾತ್ರ.

ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು. ಒತ್ತಡದ ಔಷಧ ಪಡೆಯದ ಗುಂಪುಗಳಿಗೆ ಹೋಲಿಸಿದರೆ ಪಾಲಿಕ್ಯಾಪ್ ತೆಗೆದುಕೊಂಡವರಲ್ಲಿ ಮೇಲಿನ ಅಂಕಿ 7.4, ಕೆಳಗಿನದು 5.6 ಮಿಲಿಮೀಟರ್ ಇಳಿಯಿತು. ಒತ್ತಡದ ಮೂರು ಔಷಧಗಳನ್ನು ಮಾತ್ರ ಪಡೆದವರಲ್ಲೂ ಇಳಿಕೆ ಹೆಚ್ಚುಕಡಿಮೆ ಅಷ್ಟೇ. ಒತ್ತಡ ಇಳಿಸಿದ್ದು ಒತ್ತಡದ ಔಷಧಗಳೇ ಎಂದಾಯಿತು. ಎಲ್.ಡಿ.ಎಲ್. ಇಳಿಸಿದ್ದು ಸಿಮ್ವಾಸ್ಟಾಟಿನ್. ಒಂದು ಇನ್ನೊಂದರ ಕೆಲಸವನ್ನು ಮಾಡಲಿಲ್ಲ.

ಮುಂದೆ ಭಾರತವೂ ಸೇರಿ ಹಲವು ದೇಶಗಳ 5,713 ಜನರ ಮೇಲೆ ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು ಕಾಲ ನಡೆದ ಇದರ ಮೂರನೆಯ ಅಧ್ಯಯನದಲ್ಲಿ, ಈ ಬಗೆಯ ಗುಳಿಗೆಯನ್ನು ಆಸ್ಪಿರಿನ್ ಜತೆ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳದ ಅನಾಹುತಗಳು ನೂರಕ್ಕೆ 5.8ರಿಂದ 4.1ಕ್ಕೆ ಇಳಿದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಇಂಥ ಸಂಯುಕ್ತ ಗುಳಿಗೆಗಳನ್ನು ಸೇರಿಸಿತು. ಆದರೂ ಇದನ್ನು ಓದಿ ಯಾರೂ ತಾವಾಗಿ ಆಸ್ಪಿರಿನ್ ನುಂಗಲು ಹೋಗಬೇಡಿ. ಹೃದಯಾಘಾತವಾಗಲಿ ಲಕ್ವಾ ಆಗಲಿ ಆಗಿರದವರಲ್ಲಿ ಅದು ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತಸ್ರಾವ ಉಂಟುಮಾಡುವ ಸಂಭವವಿದೆ.

ಯಾರಿಗೆ ಬೇಕು?

ಒಮ್ಮೆ ಹೃದಯಾಘಾತ ಅಥವಾ ರಕ್ತ ಹೆಪ್ಪುಗಟ್ಟಿದ ಲಕ್ವಾ ಆದವರಿಗೆ ಕೊಲೆಸ್ಟರಾಲ್ ಎಷ್ಟೇ ಇರಲಿ ಸ್ಟಾಟಿನ್ ಬೇಕು. ಎಲ್.ಡಿ.ಎಲ್. 190 ಮಿ.ಗ್ರಾಂ. ದಾಟಿದವರಿಗೆ, ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಬಹುಪಾಲು ಮಂದಿಗೆ ಬೇಕು. ಬರೀ ಬಿ.ಪಿ. ಇರುವವರಿಗೆ ವಯಸ್ಸು, ತಂಬಾಕು, ಮನೆತನದಲ್ಲಿ ಎಳೆವಯಸ್ಸಿಗೆ ಹೃದಯಾಘಾತವಾದ ಚರಿತ್ರೆ, ಮೂತ್ರಪಿಂಡದ ಸ್ಥಿತಿ ಇವನ್ನೆಲ್ಲ ತೂಗಿ ವೈದ್ಯರು ನಿರ್ಧರಿಸುತ್ತಾರೆ. ಮೂವತ್ತೈದು ವಯಸ್ಸಿನ, ಬೇರೇನೂ ತೊಂದರೆಯಿಲ್ಲದ, 144/92 ಒತ್ತಡದ ಶಾಲಾ ಶಿಕ್ಷಕರಿಗೆ ನಾನು ತಕ್ಷಣ ಸ್ಟಾಟಿನ್ ಬರೆಯುವುದಿಲ್ಲ. ಅದೇ ಅಂಕಿಯ, ಅರವತ್ತರ, ದಿನವಿಡೀ ತಂಬಾಕು-ಸುಣ್ಣ ತಿಕ್ಕುವ ಹಿರಿಯರಿಗೆ ಬರೆಯುತ್ತೇನೆ. ಪ್ರಯೋಗಾಲಯದ ವರದಿಯ ಬಲಬದಿಯಲ್ಲಿ ಅಚ್ಚಾಗಿರುವ ‘ನಾರ್ಮಲ್’ ಅಂಕಿ ಇಬ್ಬರಿಗೂ ಒಂದೇ. ಆದರೆ ಹೃದಯಾಘಾತವಾದವರ ಎಲ್.ಡಿ.ಎಲ್. 70ಕ್ಕಿಂತ ಕೆಳಗೆ, ಹಲವರಲ್ಲಿ 55ಕ್ಕಿಂತ ಕೆಳಗೆ ಇರಬೇಕೆಂದು ತಜ್ಞರು ಬಯಸುತ್ತಾರೆ. ಅಂಥವರಿಗೆ 98 ಬಂದಾಗ ಲ್ಯಾಬಿನವರು ನಾರ್ಮಲ್ ಎಂದರೂ ವೈದ್ಯರು ಪ್ರಮಾಣ ಹೆಚ್ಚಿಸುವುದು ಇದಕ್ಕೇ.

ಗುಳಿಗೆ ತೆಗೆದುಕೊಂಡ ಮೇಲೆ ವರದಿ ಸರಿಬಂತೆಂದು ನಿಲ್ಲಿಸುವುದು ಇನ್ನೊಂದು ರೂಢಿ. ಸರಿಬಂದದ್ದು ಗುಳಿಗೆಯಿಂದ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್.ಡಿ.ಎಲ್. ಮೊದಲಿನ ಮಟ್ಟಕ್ಕೆ ಹೋಗುತ್ತದೆ, ಬಿ.ಪಿ. ಗುಳಿಗೆಯದೂ ಅದೇ ಕಥೆ, ಇನ್ನೂ ಬೇಗ.

ಒಂದು ಮಾತು ಮರೆತಿದ್ದೆ. ಬಿ.ಪಿ.ಯೂ ಕೊಲೆಸ್ಟರಾಲೂ ಎರಡೂ ಏರಿದ, ಅದರಲ್ಲೂ ಮೈ ಊದಿಕೊಂಡು, ಸುಸ್ತು, ಮಲಬದ್ಧತೆ ಇರುವ ಹೆಣ್ಣುಮಕ್ಕಳಲ್ಲಿ ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಕುಗ್ಗಿದರೆ ಎರಡೂ ಏರಬಹುದು, ಅದಕ್ಕೆ ಔಷಧ ಕೊಟ್ಟರೆ ಎರಡೂ ಒಂದಿಷ್ಟು ಇಳಿಯುತ್ತವೆ.

ಗುಳಿಗೆಯ ಹೆಸರು ಓದುವ ಬಗೆ

ನಮ್ಮ ಕಡೆ ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ, ಹಳೆಯ ಡಬ್ಬಿಗೋ ಸೀರೆಯ ಸೆರಗಿನ ಗಂಟಿಗೋ ಹಾಕಿಕೊಂಡು ಬರುವವರು ಬಹಳ. “ಬಿಳೀದು ಬಿಪಿದು, ಕೆಂಪಂದು ಕೊಬ್ಬಿಂದು” ಎನ್ನುತ್ತಾರೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಔಷಧದ ಮೂಲ ಹೆಸರಿರುತ್ತದೆ. ಅದರ ಬಾಲವನ್ನು ಓದಲು ಶಾಲೆಗೆ ಹೋಗುವ ಮೊಮ್ಮಗಳಿಗೆ ಹೇಳಿ. ‘ಸ್ಟಾಟಿನ್’ ಎಂದು ಮುಗಿದರೆ ಕೊಬ್ಬಿನದು. ‘ಡಿಪಿನ್’ (ಅಮ್ಲೊಡಿಪಿನ್), ‘ಸಾರ್ಟಾನ್’ (ಟೆಲ್ಮಿಸಾರ್ಟಾನ್), ‘ಪ್ರಿಲ್’ (ರಾಮಿಪ್ರಿಲ್), ‘ಲಾಲ್’ (ಅಟೆನೊಲಾಲ್) ಎಂದು ಮುಗಿದರೆ ಒತ್ತಡದ್ದು. ಎರಡೂ ಬಾಲಗಳು ಒಂದೇ ಪಟ್ಟಿಯ ಮೇಲಿದ್ದರೆ ಅದು ಸಂಯುಕ್ತ ಗುಳಿಗೆ. ಅದರ ಜತೆ ಹಳೆಯ ಗುಳಿಗೆಯನ್ನೂ ನುಂಗಿ ಎರಡು ಪಾಲು ಮಾಡಿಕೊಳ್ಳಬೇಡಿ.

ಎರಡು ಗುಂಪಿನ ಗುಳಿಗೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬಹುದೆ? ಬಹುಮಟ್ಟಿಗೆ ಏನೂ ತೊಂದರೆಯಿಲ್ಲ. ನೆನಪಿಡಬೇಕಾದ ಜೋಡಿಗಳು ಕೆಲವು ಮಾತ್ರ. ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರು ಅಮ್ಲೊಡಿಪಿನ್ ಕೂಡ ತೆಗೆದುಕೊಳ್ಳುತ್ತಿದ್ದರೆ ಸಿಮ್ವಾಸ್ಟಾಟಿನ್ ದಿನಕ್ಕೆ 20 ಮಿ.ಗ್ರಾಂ. ಮೀರಬಾರದು, ಡಿಲ್ಟಿಯಾಜೆಮ್ ಅಥವಾ ವೆರಪಮಿಲ್ ಇದ್ದರೆ 10ನ್ನು ಮೀರಬಾರದು. ಈ ಬಿ.ಪಿ. ಔಷಧಗಳು ಸಿಮ್ವಾಸ್ಟಾಟಿನ್ ದೇಹದಲ್ಲಿ ಕರಗುವುದನ್ನು ತಡೆದು ಅದರ ಮಟ್ಟ ಏರಿಸುತ್ತವೆ, ಆಗ ಸ್ನಾಯುಗಳಿಗೆ ಪೆಟ್ಟು ಬೀಳಬಹುದು. ರೋಸುವಾಸ್ಟಾಟಿನ್‌ಗೆ ಈ ತಕರಾರಿಲ್ಲ, ಆದರೆ ಅಸಿಡಿಟಿಯ ಬಿಳಿ ಔಷಧಿಯನ್ನು ಅದರೊಂದಿಗೇ ಕುಡಿಯಬಾರದು, ಎರಡು ತಾಸು ಬಿಟ್ಟು ಕುಡಿಯಬೇಕು. ಕೆಮ್ಮು-ಕಫಕ್ಕೆ ಹೋದಾಗ ಕ್ಲಾರಿತ್ರೊಮೈಸಿನ್ ಬರೆದರೆ, ತಾವು ಸ್ಟಾಟಿನ್ ತೆಗೆದುಕೊಳ್ಳುತ್ತಿರುವುದನ್ನು ಆ ವೈದ್ಯರಿಗೆ ಹೇಳಿ. ಬಿ.ಪಿ. ಔಷಧಗಳಲ್ಲಿ ಅಟೆನೊಲಾಲ್, ಮೂತ್ರ ಹೆಚ್ಚಿಸುವ ಥಯಾಜೈಡ್ ಮುಂತಾದವು ರಕ್ತದ ಕೊಬ್ಬಿನ ಅಂಕಿಗಳನ್ನು ತುಸು ಏರಿಸುವುದುಂಟು. ಅವುಗಳ ಉಪಕಾರದ ಮುಂದೆ ಇದು ಲೆಕ್ಕಕ್ಕಿಲ್ಲ.

ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಯಾವ ಹೊತ್ತಿಗಾದರೂ ತೆಗೆದುಕೊಳ್ಳಬಹುದು. ಸಿಮ್ವಾಸ್ಟಾಟಿನ್ ರಾತ್ರಿಯೇ ಒಳ್ಳೆಯದು. ಬಿ.ಪಿ. ಗುಳಿಗೆಯನ್ನು ಬೆಳಿಗ್ಗೆ ನುಂಗಿದರೂ ರಾತ್ರಿ ನುಂಗಿದರೂ ಫಲದಲ್ಲಿ ವ್ಯತ್ಯಾಸವಿಲ್ಲವೆಂದು 2022ರಲ್ಲಿ ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ ತಿಳಿಸಿತು. ಆದ್ದರಿಂದ ಮರೆಯದೆ ನೆನಪಾಗುವ ಹೊತ್ತೇ ಸರಿಯಾದ ಹೊತ್ತು. ಹಲ್ಲುಜ್ಜಿದ ಮೇಲೆ ಎರಡನ್ನೂ ಒಟ್ಟಿಗೆ ನುಂಗಿಬಿಡಿ.

ಸ್ಟಾಟಿನ್‌ನಿಂದ ಮೈಕೈ ನೋವು ಬರುತ್ತದೆಂಬ ಹೆದರಿಕೆ ದೊಡ್ಡದು. 2022ರಲ್ಲಿ ಅನೇಕ ದೊಡ್ಡ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸ್ಟಾಟಿನ್ ತೆಗೆದುಕೊಳ್ಳುವವರು ಹೇಳುವ ಸ್ನಾಯುನೋವಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗುಳಿಗೆಯಿಂದ ಬಂದದ್ದಲ್ಲ ಎಂದು ಕಂಡುಬಂತು. ತೊಗರಿ ರಾಶಿ ಮಾಡಿದ ಮರುದಿನ ತೊಡೆ ನೋಯುವುದಕ್ಕೆ ಗುಳಿಗೆಯನ್ನು ದೂರಬೇಕಿಲ್ಲ. ಆದರೆ ಕೆಲಸವಿಲ್ಲದೆಯೂ ಎರಡೂ ತೊಡೆ, ಭುಜಗಳಲ್ಲಿ ತೀವ್ರ ನೋವು, ನಿಶ್ಶಕ್ತಿ, ಚಹಾ ಬಣ್ಣದ ಮೂತ್ರ ಕಂಡರೆ ಗುಳಿಗೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಇದು ಬಹಳ ಅಪರೂಪ. ರಕ್ತದ ಸಕ್ಕರೆ ಸ್ವಲ್ಪ ಏರಬಹುದು, ಅದನ್ನು ನೋಡಿಕೊಳ್ಳಬಹುದು. ಗರ್ಭಿಣಿಯರು ಮತ್ತು ಗರ್ಭ ಧರಿಸಬೇಕೆಂದಿರುವವರು ಮಾತ್ರ ಸ್ಟಾಟಿನ್ ಹಾಗೂ ‘ಸಾರ್ಟಾನ್’, ‘ಪ್ರಿಲ್’ ಬಾಲದ ಗುಳಿಗೆಗಳ ಬಗ್ಗೆ ತಡಮಾಡದೆ ವೈದ್ಯರಲ್ಲಿ ಕೇಳಬೇಕು. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್ ಮೊದಲಾದ ಗುಳಿಗೆಗಳೇ ಬಿ.ಪಿ. ಏರಿಸುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಇವನ್ನು ಹೆದರಿಕೆಯಿಲ್ಲದೆ ನುಂಗುವ ನಾವು ಸ್ಟಾಟಿನ್‌ಗೆ ಹೆದರುತ್ತೇವೆ!

ಊಟದಲ್ಲಿಯೂ ಹೂಳು-ತೂಬಿನ ಭೇದ ಉಂಟು. ಉಪ್ಪು ಒತ್ತಡವನ್ನು ಏರಿಸುತ್ತದೆ, ಕೊಲೆಸ್ಟರಾಲನ್ನಲ್ಲ. ಕರಿದದ್ದು, ವನಸ್ಪತಿ, ಪಾಮ್ ಎಣ್ಣೆ ಕೊಲೆಸ್ಟರಾಲನ್ನು ಏರಿಸುತ್ತವೆ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ ನಮ್ಮ ಪುಣ್ಯ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಯಲ್ಲಿರುವ ಉಪ್ಪು ಬಿ.ಪಿ.ಯವರಿಗೆ ಪುಣ್ಯವಲ್ಲ. ಹಿಂದೆ ನಮ್ಮ ಮನೆಗಳಲ್ಲಿ ಕುಸುಬಿ ಎಣ್ಣೆಯೇ ಇತ್ತು. ಅದರ ಕೊಬ್ಬು ಎಲ್.ಡಿ.ಎಲ್. ಇಳಿಸುವ ಜಾತಿಯದು. ಗಾಣಗಳು ಮುಚ್ಚಿ ಪಾಕೀಟಿನ ಎಣ್ಣೆ ಬಂತು. ಪಥ್ಯದಿಂದ ಮಾತ್ರವೇ ಎಲ್.ಡಿ.ಎಲ್. ಇಳಿಯುವುದು ಒಂದು ಮಿತಿಯವರೆಗೆ, ಯಾಕೆಂದರೆ ಬಹುಪಾಲು ಕೊಲೆಸ್ಟರಾಲ್ ಹುಟ್ಟುವುದು ತಟ್ಟೆಯಲ್ಲಲ್ಲ, ಯಕೃತ್ತಿನಲ್ಲಿ.

ಕೊನೆಗೆ, ಗುಳೆ ಹೋಗುವವರಿಗೆ. ಮುಂಬಯಿ, ಪುಣೆ, ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹಿರಿಯರು ತಿಂಗಳ ಗುಳಿಗೆ ಕಟ್ಟಿಕೊಂಡು ಹೋಗಿ ನಾಲ್ಕು ತಿಂಗಳಿಗೆ ಮರಳುತ್ತಾರೆ. ಖಾಲಿಯಾದ ಪಟ್ಟಿಯನ್ನು ಬಿಸಾಡದೆ ಜೇಬಿನಲ್ಲಿಟ್ಟುಕೊಂಡಿರಿ. ಆ ಊರಿನ ಸರಕಾರಿ ಆರೋಗ್ಯ ಕೇಂದ್ರದಲ್ಲೋ ಜನೌಷಧಿ ಅಂಗಡಿಯಲ್ಲೋ ತೋರಿಸಿದರೆ ಅದೇ ಮೂಲ ಹೆಸರಿನ ಗುಳಿಗೆ ಸಿಗುತ್ತದೆ. ಕಂಪನಿ ಬೇರೆಯಾದರೆ ಚಿಂತೆಯಿಲ್ಲ. ಎರಡರಲ್ಲಿ ಒಂದೇ ಸಿಕ್ಕಿತೆಂದರೆ ಅದನ್ನು ತೆಗೆದುಕೊಳ್ಳುತ್ತಲೇ ಇನ್ನೊಂದನ್ನು ಹುಡುಕಿ. ಬಿ.ಪಿ. ಗುಳಿಗೆ ತಪ್ಪಿ ಎರಡು ಮೂರು ದಿನವಾಗಿದ್ದರೆ ಒಮ್ಮೆ ಒತ್ತಡ ನೋಡಿಸಿ, ತಪ್ಪಿದ್ದನ್ನೆಲ್ಲ ಸೇರಿಸಿ ಒಂದೇ ಸಲ ನುಂಗಬೇಡಿ. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಎದೆಯಲ್ಲಿ ಒತ್ತಿ ಹಿಡಿದಂಥ ನೋವು ಇವುಗಳಲ್ಲಿ ಯಾವುದು ಕಂಡರೂ ಯಾವ ಗುಳಿಗೆಯನ್ನೂ ಹುಡುಕುತ್ತ ಕೂರದೆ 108ಕ್ಕೆ ಫೋನ್ ಮಾಡಿ.